ಮನೆ ಮುಂದಿನ ಮೋರಿ ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಗೇಟಿನ ಮುಂದೆ ಸ್ಕೂಟರ್ ತೊಳೆಯುತ್ತೀರಿ. ಎಣ್ಣೆ, ಸೋಪಿನ ನೊರೆ ಕಲೆತ ನೀರು ರಸ್ತೆ ಬದಿಯ ಮೋರಿಗೆ ಇಳಿಯುತ್ತದೆ. ಮುಂದೆ ಅದನ್ನು ಯಾರೋ ಎಲ್ಲೋ ಶುದ್ಧ ಮಾಡುತ್ತಾರೆಂದು ನೀವು ತಿಳಿದಿದ್ದರೆ, ಅದು ತಪ್ಪು.

ಬೆಂಗಳೂರಿನಲ್ಲಿ ಎರಡು ಬಗೆಯ ಚರಂಡಿಗಳಿವೆ. ಬಚ್ಚಲು, ಅಡುಗೆಮನೆ, ಕಕ್ಕಸಿನ ನೀರು ಒಳಚರಂಡಿಯ ಮೂಲಕ ಶುದ್ಧೀಕರಣ ಘಟಕಕ್ಕೆ ಹೋಗಬೇಕು. ರಸ್ತೆ ಬದಿಯ ಮೋರಿ ಇರುವುದು ಮಳೆನೀರಿಗೆ. ಅದು ರಾಜಕಾಲುವೆ ಸೇರಿ, ಸಾಮಾನ್ಯವಾಗಿ ಯಾವ ಶುದ್ಧೀಕರಣವೂ ಇಲ್ಲದೆ ಕೆರೆಗೆ ಬೀಳುತ್ತದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಮುಖ್ಯ ತಪ್ಪು ಕೊಳಚೆ ನೀರಿನದು, ನಿಜ. ಆದರೆ ಬಟ್ಟೆ ಒಗೆಯುವ ಪುಡಿಯ ಅಂಶ ಹೋದದ್ದು ನಮ್ಮ ಮನೆಗಳಿಂದಲೇ.

ಇನ್ನೊಂದು ತಪ್ಪನ್ನು ಒಳ್ಳೆಯ ಮನೆತನದವರೂ ಮಾಡುತ್ತಾರೆ. ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಯ ಚೇಂಬರಿಗೆ ಜೋಡಿಸಿಬಿಡುವುದು! ಸಾವಿರ ಚದರಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರಾಗುತ್ತದೆ. ಬೀದಿಯ ಹತ್ತು ಮನೆಗಳು ಹೀಗೆ ಮಾಡಿದರೆ ಆ ಕೊಳವೆ ತಡೆದೀತೇ? ಮ್ಯಾನ್‌ಹೋಲ್ ಮುಚ್ಚಳ ಎದ್ದು ಮಲ ಕಲೆತ ನೀರು ರಸ್ತೆಗೆ ಹರಿಯುತ್ತದೆ. ನಲ್ಲಿಯಲ್ಲಿ ನೀರು ನಿಂತ ಹೊತ್ತಿನಲ್ಲಿ, ಒಡೆದ ಕುಡಿಯುವ ನೀರಿನ ಕೊಳವೆ ಆ ಕೊಳಕನ್ನು ಒಳಗೆಳೆದುಕೊಳ್ಳುತ್ತದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಮನೆಗೆ ಬರುವ ದಾರಿಗಳಲ್ಲಿ ಇದೂ ಒಂದು.

ಆದ್ದರಿಂದ ಮಳೆಗಾಲಕ್ಕೆ ಮುಂಚೆ ಪ್ಲಂಬರನ್ನು ಕರೆಸಿ ಆ ಪೈಪ್ ಎಲ್ಲಿಗೆ ಹೋಗಿದೆ ನೋಡಿಸಿ. ತಾರಸಿ ಗುಡಿಸಿ, ಮೊದಲ ಮಳೆಯ ನೀರನ್ನು ಹೊರಬಿಟ್ಟು, ನಂತರದ್ದನ್ನು ಸೋಸಿ ಸಂಪಿಗೆ ಬಿಡಿ. ಹೆಚ್ಚಾದದ್ದು ಇಂಗುಗುಂಡಿಗೆ ಹೋಗಲಿ. ಬೆಂಗಳೂರಿನಲ್ಲಿ 30x40 ನಿವೇಶನದ ಹೊಸ ಮನೆಗಳಿಗೆ ಮಳೆಕೊಯ್ಲನ್ನು 2009ರಲ್ಲೇ ಕಡ್ಡಾಯ ಮಾಡಲಾಗಿದೆ. ಸಂಪಿನ ಮುಚ್ಚಳ ಮಾತ್ರ ಭದ್ರವಾಗಿರಲಿ. ಡೆಂಗೆ ಸೊಳ್ಳೆಗೆ ತಿಳಿನೀರೆಂದರೆ ಬಲು ಪ್ರೀತಿ.

ವಾಹನವನ್ನು ಬಕೆಟ್ ನೀರು, ಬಟ್ಟೆಯಿಂದ ಒರೆಸಿ, ಉಳಿದ ನೀರನ್ನು ಬಚ್ಚಲಿಗೆ ಚೆಲ್ಲಿ. ಹಳೆಯ ಎಂಜಿನ್ ಆಯಿಲನ್ನು ಗ್ಯಾರೇಜಿನಲ್ಲೇ ಬಿಟ್ಟುಬನ್ನಿ. ಅಂಗಳಕ್ಕೆಲ್ಲ ಸಿಮೆಂಟು ಬಳಿಯದೆ ಸ್ವಲ್ಪ ಮಣ್ಣು ಉಳಿಸಿ. ಗುಡಿಸಿದ ಕಸವನ್ನು ಮೋರಿಯ ಕಂಡಿಗೆ ತಳ್ಳಬೇಡಿ. ನಾಯಿಯನ್ನು ವಾಕಿಂಗ್ ಕರೆದೊಯ್ಯುವವರು ಕೈಯಲ್ಲಿ ಒಂದು ಹಳೆಯ ಪೇಪರ್ ಹಿಡಿದಿರಲಿ. ನಾಯಿಯ ಮಲದಲ್ಲಿ ಜಂತುಹುಳುವಿನ ಮೊಟ್ಟೆಗಳಿರಬಹುದು, ಮಳೆ ಅವನ್ನು ಮಕ್ಕಳು ಆಡುವ ಜಾಗಕ್ಕೂ ಒಯ್ಯುತ್ತದೆ. (ಪಕ್ಕದ ಮನೆಯ ಗೇಟಿನ ಮುಂದೆ ಕೂರಿಸುವ ಜಾಣರಿಗೂ ಈ ಮಾತು ಅನ್ವಯ.)

ಕೊನೆಗೆ, ಕಾಲಿನಲ್ಲಿ ಗಾಯವಿದ್ದರೆ ನಿಂತ ಮಳೆನೀರಿನಲ್ಲಿ ನಡೆಯಬೇಡಿ. ನಡೆಯಲೇಬೇಕಾದರೆ ಗಂಬೂಟು ಹಾಕಿಕೊಳ್ಳಿ, ಮನೆಗೆ ಬಂದ ಕೂಡಲೇ ಸೋಪಿನಿಂದ ಕಾಲು ತೊಳೆಯಿರಿ. ಇಲಿಯ ಮೂತ್ರ ಕಲೆತ ನೀರಿನಿಂದ ಇಲಿಜ್ವರ ಬರುತ್ತದೆ. ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಚರಂಡಿ ನೀರಿನಲ್ಲಿ ನಡೆದದ್ದನ್ನು ಅವರಿಗೆ ಮರೆಯದೆ ಹೇಳಿ.