ನಿಮಗಿದು ಗೊತ್ತೇ? ಮೀಟರಿಗೆ ಕಾಣದ ಅಂಗವೈಕಲ್ಯ

● ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು. ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪ ಹತ್ತಿದ್ದು 1905ರಲ್ಲಿ. ನಾಡಿಗೆ ಮೊದಲು ಬೆಳಕು ಕೊಟ್ಟ ಈ ಸೀಮೆಯಲ್ಲೇ ಕರೆಂಟ್ ಬಿಲ್ಲಿಗೆ ಅಂಜಿ ಸ್ವಿಚ್ ಒತ್ತಲು ಹಿಂಜರಿಯುವವರು ಇರಬಾರದು.

● ರಾಜ್ಯದ ಉಚಿತ ವಿದ್ಯುತ್ ಯೋಜನೆ 'ಗೃಹಜ್ಯೋತಿ'ಯಲ್ಲಿ ಎಲ್ಲ ಮನೆಗೂ ತಿಂಗಳಿಗೆ 200 ಯೂನಿಟ್ ಉಚಿತವಲ್ಲ! 2022–23ರಲ್ಲಿ ಆ ಮನೆ ಬಳಸಿದ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟು ಮಾತ್ರ. 48 ಯೂನಿಟ್‌ಗಿಂತ ಕಡಿಮೆ ಬಳಸುತ್ತಿದ್ದವರಿಗೆ ಶೇ 10ರ ಬದಲು 10 ಯೂನಿಟ್. ಅಂದರೆ ಆಗ 40 ಉರಿಸಿದವರಿಗೆ ಈಗ 50.

● ಈ ಲೆಕ್ಕ ಯಾರಿಗೆ ಹೊಡೆತ? ಎಳನೀರು ಮಾರುಕಟ್ಟೆಗೆ ಹೆಸರಾದ ಮದ್ದೂರಿನ ಕಡೆ ತೆಂಗಿನಮರ ಹತ್ತಿಯೇ ಬದುಕುವವರಿದ್ದಾರೆ. ಮರದಿಂದ ಬಿದ್ದು ಬೆನ್ನುಹುರಿಗೆ ಎದೆಮಟ್ಟದಲ್ಲೋ ಅದಕ್ಕೂ ಮೇಲೋ ಪೆಟ್ಟಾದರೆ, ಅಲ್ಲಿಂದ ಕೆಳಗೆ ಮೈ ಸರಿಯಾಗಿ ಬೆವರುವುದಿಲ್ಲ. ಬೆವರದ ಮೈ ಸುಲಭವಾಗಿ ತಣಿಯುವುದೂ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅಂಥವರಿಗೆ ಫ್ಯಾನು ಸುಖವಲ್ಲ, ಔಷಧ. 75 ವಾಟ್‌ನ ಫ್ಯಾನು ಹಗಲೂ ರಾತ್ರಿ ತಿರುಗಿದರೆ ತಿಂಗಳಿಗೆ 54 ಯೂನಿಟ್. ಅದೊಂದಕ್ಕೇ ಆ 50 ಮುಗಿಯಿತು!

● ಮನೆಯಲ್ಲಿಡುವ 5 ಲೀಟರ್ ಆಮ್ಲಜನಕ ಯಂತ್ರ 300ರಿಂದ 350 ವಾಟ್ ಎಳೆಯುತ್ತದೆ. ಸದಾ ಹಾಕಿಟ್ಟರೆ ಅದೊಂದೇ ತಿಂಗಳಿಗೆ 200 ಯೂನಿಟ್ ದಾಟುತ್ತದೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬ್ರಿಟನ್ನಿನಲ್ಲಿ ಇಂಥ ಯಂತ್ರದ ಕರೆಂಟ್ ಖರ್ಚನ್ನು ರೋಗಿಗೆ ವಾಪಸು ಕೊಡುತ್ತಾರೆ.

● ಈ ಬಿಲ್ ಕಟ್ಟಲು ಕೈಗೆ ಬರುವುದೆಷ್ಟು? ರಾಜ್ಯದಲ್ಲಿ ಶೇ 40ರಿಂದ 74ರಷ್ಟು ಅಂಗವೈಕಲ್ಯ ಇದ್ದವರ ಮಾಸಾಶನ 800 ರೂಪಾಯಿ. ಶೇ 75 ಮುಟ್ಟಿದರೆ 1,400. 65 ವರ್ಷ ದಾಟಿದವರ ಸಂಧ್ಯಾ ಸುರಕ್ಷಾ ಮಾಸಾಶನ 1,200.

● 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಏನನ್ನುತ್ತದೆ ಗೊತ್ತೇ? ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಉಳಿದವರಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಹೆಚ್ಚು ನೆರವು ಸಿಗಬೇಕು. ಹಾಗಾದರೆ 1,200ರ ಪಕ್ಕದಲ್ಲಿ 800 ಹೇಗೆ ನಿಂತಿದೆ? ಇದೇ ಲೆಕ್ಕವನ್ನು ಕರೆಂಟಿಗೂ ಹಾಕಿದರೆ 200ರ ಮಿತಿ 250 ಆಗುತ್ತದೆ. ಆಗಲೇಬೇಕು ಎಂಬುದು ನನ್ನ ಮಾತು.

● ಅಲ್ಲಿಯವರೆಗೆ ಹತ್ತಿರದಲ್ಲೇ ಒಂದು ದಾರಿಯಿದೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ವರಮಾನದ ಶೇ 5ರಷ್ಟನ್ನು ಅಂಗವಿಕಲರಿಗೇ ಮೀಸಲಿಡಬೇಕು. ಗಾಲಿಕುರ್ಚಿ ಚಾರ್ಜು ಮಾಡಲು, ಕರೆಂಟು ಹೋದಾಗ ಹಾಸಿಗೆಹುಣ್ಣು ತಡೆಯುವ ಗಾಳಿಹಾಸಿಗೆ ಕುಸಿಯದಿರಲು ಬ್ಯಾಟರಿ ಬೇಕೆಂದು ಮುಂದಿನ ಗ್ರಾಮಸಭೆಯಲ್ಲೇ ಅರ್ಜಿ ಕೊಡಿ. ಅರ್ಜಿ ಬರೆಯಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ.