ನಡೆಯುತ್ತಿರುವ ಹೋಟೆಲನ್ನು ಕೊಳ್ಳುವಾಗ: ಕೈಸೇರುವುದೇನು, ಬೆನ್ನುಹತ್ತುವುದೇನು?

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ಪಟ್ಟಣಗಳಲ್ಲಿ ಕಿರಾಣಿ, ಅಡತಿ, ಅಕ್ಕಿ ಗಿರಣಿ ಮೊದಲಾದ ವ್ಯವಹಾರಗಳಲ್ಲಿ ನಾಲ್ಕು ಕಾಸು ಉಳಿಸಿದ ಕುಟುಂಬಗಳು ಎರಡನೆಯ ಉದ್ಯಮವೊಂದನ್ನು ಆರಂಭಿಸಲು ಯೋಚಿಸಿದಾಗ ಹೋಟೆಲ್ ಅಥವಾ ಖಾನಾವಳಿಯ ಕಡೆಗೆ ಮನಸ್ಸು ಹರಿಯುವುದು ಸಹಜ. ಹೊಸದಾಗಿ ಕಟ್ಟುವುದಕ್ಕಿಂತ ನಡೆಯುತ್ತಿರುವುದನ್ನು ಕೊಳ್ಳುವುದು ಸುಲಭವೆಂಬ ಭಾವನೆಯೂ ಇದೆ. ಗಿರಾಕಿಗಳು ಇದ್ದಾರೆ, ಒಲೆ ಉರಿಯುತ್ತಿದೆ, ಗಲ್ಲೆಗೆ ಮೊದಲ ದಿನದಿಂದಲೇ ಹಣ ಬೀಳುತ್ತದೆ ಎಂಬುದು ಈ ಭಾವನೆಗೆ ಆಧಾರ.

ಈ ಭಾವನೆ ಅರ್ಧ ಮಾತ್ರ ಸತ್ಯ. ಇಂತಹ ಖರೀದಿಯಲ್ಲಿ ಗಮನಿಸಬೇಕಾದ ವೈಚಿತ್ರ್ಯವೊಂದಿದೆ. ಮಾರುವವನ ಹೆಸರಿನಲ್ಲಿರುವ ಪರವಾನಗಿಗಳು ಕೊಳ್ಳುವವನಿಗೆ ತಾವಾಗಿಯೇ ಬರುವುದಿಲ್ಲ. ಆದರೆ ಮಾರುವವನ ಬಾಕಿಗಳಲ್ಲಿ ಹಲವು ತಾವಾಗಿಯೇ ಬರುತ್ತವೆ. ಹೆಚ್ಚಿನ ಬೆಲೆ ತೆತ್ತು ಕೊಂಡ ‘ಹೆಸರು’ ಮಾತ್ರ, ಕರಾರಿನಲ್ಲಿ ಕಟ್ಟಿಹಾಕದಿದ್ದರೆ, ಮಾರಿದವನ ಜೊತೆಗೇ ಹೊರಟುಹೋಗುತ್ತದೆ. ಈ ಮೂರು ಸಂಗತಿಗಳನ್ನು ಅರಿತು ಬೆಲೆ ನಿರ್ಧರಿಸಿದವನಿಗೆ ಮಾತ್ರ ನಡೆಯುವ ಹೋಟೆಲ್ ಲಾಭದ ವ್ಯವಹಾರ.

ಹೇಳಿದ ವ್ಯಾಪಾರ ಮತ್ತು ನಿಜವಾದ ಲಾಭ

ಮಾರುವವರು ಸಾಮಾನ್ಯವಾಗಿ ದಿನದ ಗಲ್ಲೆಯ ಲೆಕ್ಕ ಹೇಳುತ್ತಾರೆ. ಅದನ್ನು ಲಾಭವೆಂದು ಭಾವಿಸಬಾರದು. ಉದಾಹರಣೆಗೆ ತಾಲೂಕು ಕೇಂದ್ರದ ಒಂದು ಸಾಧಾರಣ ಹೋಟೆಲನ್ನು ಕಲ್ಪಿಸಿಕೊಳ್ಳಬಹುದು. ದಿನಕ್ಕೆ ರೂ. 12,000ದಂತೆ ತಿಂಗಳಿಗೆ 26 ದಿನ ವ್ಯಾಪಾರ ನಡೆದರೆ ರೂ. 3,12,000 ಆಗುತ್ತದೆ. ಇದರಲ್ಲಿ ದಿನಸಿ, ಹಾಲು, ತರಕಾರಿಗಳಿಗೆ ಶೇ. 45ರಂತೆ ರೂ. 1,40,400, ಗ್ಯಾಸ್ ಮತ್ತು ವಿದ್ಯುತ್ತಿಗೆ ರೂ. 25,000, ಐವರು ಕೆಲಸಗಾರರಿಗೆ ರೂ. 75,000, ಬಾಡಿಗೆಗೆ ರೂ. 18,000, ದುರಸ್ತಿ ಮತ್ತು ಇತರೆಗೆ ರೂ. 12,000 ಹೋದರೆ ಉಳಿಯುವುದು ರೂ. 41,600. ಮಾರುವವರು ‘ತಿಂಗಳಿಗೆ ನಲವತ್ತು ಸಾವಿರ ಉಳಿಯುತ್ತದೆ’ ಎನ್ನುವುದು ಈ ಮೊತ್ತವನ್ನೇ.

ಆದರೆ ಆ ಹೋಟೆಲಿನಲ್ಲಿ ಯಜಮಾನನೇ ಗಲ್ಲೆಯ ಮೇಲೆ ಕುಳಿತಿರುತ್ತಾನೆ. ಮನೆಯವರೇ ಅಡುಗೆಮನೆಯ ಉಸ್ತುವಾರಿ ನೋಡುತ್ತಾರೆ. ಬೇರೆ ವ್ಯಾಪಾರವಿರುವ ಹೊಸ ಮಾಲೀಕನು ಈ ಕೆಲಸಗಳಿಗೆ ರೂ. 28,000 ಕೊಟ್ಟು ಜನರನ್ನು ಇಟ್ಟುಕೊಂಡರೆ ಉಳಿಯುವುದು ತಿಂಗಳಿಗೆ ರೂ. 13,600, ವರ್ಷಕ್ಕೆ ರೂ. 1,63,200 ಮಾತ್ರ. ಹೋಟೆಲಿಗೆ ರೂ. 12 ಲಕ್ಷ ಬೆಲೆ ಹೇಳಿ, ಪಾತ್ರೆ, ಒಲೆ, ಮೇಜು, ಕುರ್ಚಿ, ಫ್ರಿಜ್‌ಗಳ ಹಳೆಯ ಮೌಲ್ಯ ರೂ. 3 ಲಕ್ಷವಾದರೆ, ಉಳಿದ ರೂ. 9 ಲಕ್ಷ ಕೇವಲ ಗುಡ್‌ವಿಲ್‌ಗೆ ಕೊಟ್ಟಂತೆ. ಆ ಹಣ ಮರಳಿ ಬರಲು ಐದೂವರೆ ವರ್ಷ ಬೇಕು. ಯಜಮಾನಿಕೆಯ ದುಡಿಮೆಗೆ ಕೂಲಿ ಕಟ್ಟದೆ ಮಾಡಿದ ಯಾವ ಲೆಕ್ಕವೂ ಕೊಳ್ಳುವವನ ಲೆಕ್ಕವಾಗಲಾರದು.

ಹೇಳಿದ ವ್ಯಾಪಾರವನ್ನು ಪರೀಕ್ಷಿಸಲು ಮಾರಾಟದ ಪುಸ್ತಕಕ್ಕಿಂತ ಖರೀದಿಯ ಬಿಲ್ಲುಗಳು ಹೆಚ್ಚು ನಂಬಿಕಾರ್ಹ. ದಿನಕ್ಕೆ ಎಷ್ಟು ಲೀಟರ್ ಹಾಲು, ತಿಂಗಳಿಗೆ 19 ಕಿಲೋದ ಎಷ್ಟು ವಾಣಿಜ್ಯ ಸಿಲಿಂಡರ್, ಎಷ್ಟು ಡಬ್ಬಿ ಎಣ್ಣೆ, ಎಷ್ಟು ಚೀಲ ಅಕ್ಕಿ ಮತ್ತು ಜೋಳ ಬಂದಿವೆ ಎಂಬುದನ್ನು ನೋಡಿದರೆ ಎಷ್ಟು ತಾಟು ಊಟ ಹೋಗಿರಬಹುದೆಂಬ ಅಂದಾಜು ಸಿಗುತ್ತದೆ. ಇದರ ಜೊತೆಗೆ ಯುಪಿಐ ಜಮೆಗಳಿರುವ ಬ್ಯಾಂಕ್ ಪಾಸ್‌ಬುಕ್ಕನ್ನು ತಾಳೆ ನೋಡಬೇಕು.

ಪರಿಶೀಲನೆ ಒಂದು ತಿಂಗಳಿನದಾಗದೆ ಹನ್ನೆರಡು ತಿಂಗಳಿನದಾಗಿರಬೇಕು. ಈ ಭಾಗದ ಹೋಟೆಲುಗಳ ವ್ಯಾಪಾರ ಋತುಮಾನವನ್ನು ಅವಲಂಬಿಸಿದೆ. ಗೋವಿನಜೋಳ, ಹತ್ತಿ, ಭತ್ತದ ಸುಗ್ಗಿಯಲ್ಲಿ ರೈತರ ಕೈಯಲ್ಲಿ ಹಣವಿರುತ್ತದೆ. ಹಾನಗಲ್ಲ ಸೀಮೆಯಲ್ಲಿ ಬೇಸಿಗೆಯ ಮಾವಿನ ವಹಿವಾಟು ಹೊರಗಿನ ಜನರನ್ನು ತರುತ್ತದೆ. ಶ್ರಾವಣದಲ್ಲಿ ಮಾಂಸಾಹಾರಿ ಖಾನಾವಳಿಗಳ ವ್ಯಾಪಾರ ಕುಗ್ಗುತ್ತದೆ. ಶಿಗ್ಗಾಂವಿಯ ಸ್ಥಿತಿ ಬೇರೆ. ಹಿಂದೆ 4 ಎಂಬ ಸಂಖ್ಯೆಯಿದ್ದು ಈಗ 48 ಆಗಿರುವ ರಾಷ್ಟ್ರೀಯ ಹೆದ್ದಾರಿಯ ಪ್ರಯಾಣಿಕರನ್ನು ನಂಬಿದ ಹೋಟೆಲಿನಲ್ಲಿ ಸರ್ವಿಸ್ ರಸ್ತೆ ಎಲ್ಲಿ ಇಳಿಯುತ್ತದೆ, ವಾಹನಗಳು ಎಲ್ಲಿ ತಿರುಗುತ್ತವೆ, ನಿಲ್ಲಲು ಜಾಗೆ ಇದೆಯೇ ಎಂಬುದು ಅಡುಗೆಯ ರುಚಿಯಷ್ಟೇ ಮುಖ್ಯ. ಸವಣೂರು ಹಾಗೂ ಹಿರೇಕೆರೂರಿನಂತಹ ಪಟ್ಟಣಗಳಲ್ಲಿ ಕಚೇರಿ, ಕಾಲೇಜು, ಬಸ್ ನಿಲ್ದಾಣ ಮತ್ತು ಸಂತೆಯ ಜನರೇ ಆಧಾರ; ಕಚೇರಿಯೊಂದು ಬೇರೆ ಕಟ್ಟಡಕ್ಕೆ ಹೋದರೆ ಮಧ್ಯಾಹ್ನದ ಊಟದ ಗಿರಾಕಿಗಳೂ ಅದರ ಹಿಂದೆ ಹೋಗುತ್ತಾರೆ.

ಬೆನ್ನುಹತ್ತುವ ಬಾಕಿಗಳು

ಮೇಲಿನ ಉದಾಹರಣೆಯ ಹೋಟೆಲಿನ ವಾರ್ಷಿಕ ವಹಿವಾಟು ರೂ. 37,44,000. ಹೋಟೆಲ್ ಊಟವು ಜಿಎಸ್‌ಟಿ ಕಾಯ್ದೆಯ ದೃಷ್ಟಿಯಲ್ಲಿ ಸೇವೆ. ಸೇವೆಗಳಿಗೆ ನೋಂದಣಿಯ ಮಿತಿ ರೂ. 20 ಲಕ್ಷ. ಆದ್ದರಿಂದ ನೋಂದಣಿ ಕಡ್ಡಾಯ. ರಾಜಿ ತೆರಿಗೆ ಪದ್ಧತಿಯಲ್ಲಿ ಹೋಟೆಲುಗಳಿಗೆ ವಹಿವಾಟಿನ ಮೇಲೆ ಶೇ. 5 ತೆರಿಗೆಯಿದ್ದು, ಅದನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಈ ಲೆಕ್ಕದಲ್ಲಿ ವರ್ಷದ ತೆರಿಗೆ ರೂ. 1,87,200. ಅಂದರೆ ಮಾರುವವನು ತೆರಿಗೆಯನ್ನೇ ಕಟ್ಟದೆ ಹೋಟೆಲ್ ನಡೆಸಿದ್ದರೆ, ಅವನು ತೋರಿಸಿದ ಲಾಭದಲ್ಲಿ ಸರಕಾರದ ಪಾಲೂ ಸೇರಿದೆ. ಅದನ್ನು ಕಳೆದರೆ ಹೊಸ ಮಾಲೀಕನಿಗೆ ವರ್ಷಕ್ಕೆ ರೂ. 24,000 ಹಾನಿ. ದರ ಏರಿಸದೆ ಅಥವಾ ಖರ್ಚು ಇಳಿಸದೆ ಅಂತಹ ಹೋಟೆಲ್ ನಿಲ್ಲುವುದಿಲ್ಲ.

ಇಷ್ಟಕ್ಕೇ ಮುಗಿಯದು. ಕೇಂದ್ರ ಜಿಎಸ್‌ಟಿ ಕಾಯ್ದೆ 2017ರ ಕಲಂ 85ರ ಪ್ರಕಾರ, ತೆರಿಗೆಗೆ ಹೊಣೆಯಾದ ವ್ಯಕ್ತಿಯು ತನ್ನ ವ್ಯವಹಾರವನ್ನು ಪೂರ್ತಿಯಾಗಿ ಅಥವಾ ಭಾಗಶಃ ವರ್ಗಾಯಿಸಿದಾಗ, ವರ್ಗಾವಣೆಯ ದಿನದವರೆಗಿನ ತೆರಿಗೆ, ಬಡ್ಡಿ ಹಾಗೂ ದಂಡಕ್ಕೆ ಕೊಟ್ಟವನೂ ಕೊಂಡವನೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆಗಾರರು. ಆ ಮೊತ್ತ ವರ್ಗಾವಣೆಯ ನಂತರ ನಿರ್ಧಾರವಾದರೂ ಹೊಣೆ ತಪ್ಪದು. ಈ ಕಲಂ ಮಾರಾಟಕ್ಕೆ ಮಾತ್ರವಲ್ಲದೆ ಗುತ್ತಿಗೆ, ಬಾಡಿಗೆ ಮೊದಲಾದ ರೀತಿಯ ವರ್ಗಾವಣೆಗೂ ಅನ್ವಯಿಸುತ್ತದೆ. ಹೋಟೆಲನ್ನು ‘ನಡೆಸಲು ಕೊಡುವ’ ರೂಢಿ ಇರುವ ಊರುಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ಮೂರು ವರ್ಷ ತೆರಿಗೆ ಕಟ್ಟದ ಮೇಲಿನ ಹೋಟೆಲಿನಲ್ಲಿ ಅಸಲು ಬಾಕಿಯೇ ರೂ. 5,61,600 ಆಗುತ್ತದೆ, ಬಡ್ಡಿ ಮತ್ತು ದಂಡ ಬೇರೆ.

ಇಲಾಖೆಗೆ ಗೊತ್ತಾಗದು ಎಂಬ ಧೈರ್ಯಕ್ಕೆ ಈಗ ಆಧಾರವಿಲ್ಲ. 2025ರ ಜುಲೈ ತಿಂಗಳಿನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ವಿವರವನ್ನು ಆಧರಿಸಿ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ಹಿಂದಿನ ವರ್ಷಗಳ ಬಗ್ಗೆ ನೋಟಿಸು ಕಳಿಸಿತು. ಹಾವೇರಿಯಲ್ಲಿಯೂ ಅಂತಹ ನೋಟಿಸು ಬಂದುದು ದೊಡ್ಡ ಸುದ್ದಿಯಾಗಿತ್ತು. ವಿನಾಯಿತಿ ಇರುವ ಸರಕಿನ ವ್ಯಾಪಾರಿಗಳಿಗೆ ಮುಂದೆ ಪರಿಹಾರ ದೊರೆತರೂ, ಹೋಟೆಲ್ ಊಟಕ್ಕೆ ಅಂತಹ ವಿನಾಯಿತಿ ಇಲ್ಲ.

ನೌಕರರ ಬಾಕಿಗಳೂ ಹೀಗೆಯೇ. 20 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಭವಿಷ್ಯ ನಿಧಿಯ ನಿಯಮ ಅನ್ವಯಿಸುತ್ತದೆ. ಸಂಸ್ಥೆ ಕೈಬದಲಾದಾಗ ಹಿಂದಿನ ವಂತಿಗೆಯ ಬಾಕಿಗೆ ಕೊಂಡವನೂ, ತಾನು ಪಡೆದ ಆಸ್ತಿಯ ಮೌಲ್ಯದ ಮಿತಿಯಲ್ಲಿ, ಹೊಣೆಯಾಗುತ್ತಾನೆ. ವಿದ್ಯುತ್ ಬಾಕಿಯ ವಿಷಯದಲ್ಲಿ, ನಿಯಮಗಳಲ್ಲಿ ಅವಕಾಶವಿದ್ದರೆ ಹೊಸ ಸಂಪರ್ಕ ನೀಡುವ ಮೊದಲು ಅದೇ ಜಾಗೆಯ ಹಳೆಯ ಬಾಕಿ ತೀರಿಸುವಂತೆ ಸರಬರಾಜು ಸಂಸ್ಥೆ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯವು 2023ರ ಮೇ ತಿಂಗಳಿನಲ್ಲಿ ತೀರ್ಪು ನೀಡಿದೆ. ಆದ್ದರಿಂದ ಹೆಸ್ಕಾಂ ಕಚೇರಿಯಲ್ಲಿ ಆರ್.ಆರ್. ನಂಬರ್ ಕೊಟ್ಟು ಬಾಕಿ ವಿಚಾರಿಸುವುದು ಕ್ಷೇಮ.

ತಾವಾಗಿ ಬಾರದ ಪರವಾನಗಿಗಳು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ ಅಡಿಯಲ್ಲಿ ಪಡೆದ ನೋಂದಣಿ ಅಥವಾ ಪರವಾನಗಿಯು ಮಾಲೀಕನ ಹೆಸರಿಗೆ ಸೇರಿದ್ದು. ಮಾಲೀಕನು ತೀರಿಕೊಂಡಾಗ ವಾರಸುದಾರರಿಗೆ ಮುಂದುವರಿಸುವ ಅವಕಾಶವಿದೆ, ಮಾರಾಟದಲ್ಲಿ ಅದಿಲ್ಲ. ಗೋಡೆಗೆ ತೂಗುಹಾಕಿದ 14 ಅಂಕಿಯ ಸಂಖ್ಯೆ ಹಳೆಯವನದಾಗಿದ್ದರೆ, ಹೊಸಬನು ಪರವಾನಗಿ ಇಲ್ಲದೆ ವ್ಯಾಪಾರ ಮಾಡಿದಂತೆಯೇ. ಉದ್ದಿಮೆ ಪರವಾನಗಿಯನ್ನು ಹಾನಗಲ್ಲ, ಶಿಗ್ಗಾಂವಿ, ಸವಣೂರುಗಳಲ್ಲಿ ಪುರಸಭೆಯಿಂದಲೂ ಹಿರೇಕೆರೂರಿನಲ್ಲಿ ಪಟ್ಟಣ ಪಂಚಾಯತಿಯಿಂದಲೂ ಪಡೆಯಬೇಕು. ಹೆದ್ದಾರಿಯ ಬದಿಯ ಜಾಗೆ ಹಳ್ಳಿಯ ವ್ಯಾಪ್ತಿಯಲ್ಲಿದ್ದರೆ ಗ್ರಾಮ ಪಂಚಾಯತಿಯನ್ನು ಕಾಣಬೇಕು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ನೋಂದಣಿ, ವಾಣಿಜ್ಯ ಗ್ಯಾಸ್ ಸಂಪರ್ಕ, ಜಿಎಸ್‌ಟಿ ನೋಂದಣಿ ಇವೆಲ್ಲ ಹೊಸ ಹೆಸರಿನಲ್ಲಿ ಆಗಬೇಕು. ಹೋಟೆಲಿನ ಜೊತೆಗೆ ಬಾರ್ ಇದ್ದರೆ ಅಬಕಾರಿ ಇಲಾಖೆಯ ಅನುಮತಿ ಇಲ್ಲದೆ ಸನ್ನದು ಕೈಬದಲಾಗದು. ಗಲ್ಲೆಯ ಮುಂದಿನ ಯುಪಿಐ ಫಲಕವನ್ನೂ ಮೊದಲ ದಿನವೇ ಬದಲಿಸದಿದ್ದರೆ ಹೊಸಬನ ದುಡಿಮೆ ಹಳಬನ ಖಾತೆಗೆ ಜಮೆಯಾಗುತ್ತದೆ.

ಜಾಗೆಯ ಹಕ್ಕು

ಹೋಟೆಲಿನ ನಿಜವಾದ ಬಂಡವಾಳ ಜಾಗೆ. ಕಟ್ಟಡ ಬಾಡಿಗೆಯದಾಗಿದ್ದರೆ, ಮಾರುವವನ ಬಾಡಿಗೆ ಪತ್ರದಲ್ಲಿ ವರ್ಗಾವಣೆಗೆ ನಿಷೇಧವಿದೆಯೇ ಎಂದು ಓದಿ ನೋಡಬೇಕು. ಬಹಳಷ್ಟು ಪತ್ರಗಳು 11 ತಿಂಗಳಿನವು. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನು ಆಸ್ತಿ ವರ್ಗಾವಣೆ ಕಾಯ್ದೆ 1882ರ ಕಲಂ 107ರಂತೆ ನೋಂದಾಯಿತ ಪತ್ರದಿಂದಲೇ ಮಾಡಬೇಕು. ಗುಡ್‌ವಿಲ್ ಹಣ ಮರಳಲು ಐದೂವರೆ ವರ್ಷ ಬೇಕಾದಲ್ಲಿ 11 ತಿಂಗಳ ಪತ್ರವನ್ನು ನಂಬುವುದು ಜಾಣತನವಲ್ಲ. ಕಟ್ಟಡದ ಮಾಲೀಕನನ್ನು ಮಾತುಕತೆಗೆ ಕೂರಿಸಿ, ಅಷ್ಟಾದರೂ ಅವಧಿಯ ನೋಂದಾಯಿತ ಗುತ್ತಿಗೆಯನ್ನು ಹೊಸ ಹೆಸರಿನಲ್ಲಿ ಪಡೆದ ಮೇಲೆಯೇ ಮುಂಗಡ ಕೊಡುವುದು ಯೋಗ್ಯ. ಪುರಸಭೆಯ ಮಳಿಗೆ ಅಥವಾ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ ನಿಲ್ದಾಣದ ಉಪಹಾರಗೃಹವಾಗಿದ್ದರೆ, ಹರಾಜು ಅಥವಾ ಟೆಂಡರಿನ ಷರತ್ತುಗಳನ್ನು ಕಚೇರಿಯಲ್ಲಿಯೇ ನೋಡಬೇಕು. ಒಳಗುತ್ತಿಗೆಗೆ ನಿಷೇಧವಿದ್ದಲ್ಲಿ ಖಾಸಗಿಯಾಗಿ ಬರೆದುಕೊಂಡ ಪತ್ರದಿಂದ ರಕ್ಷಣೆ ದೊರೆಯದು.

ಎದುರಿನಲ್ಲಿಯೇ ಹೊಸ ಹೋಟೆಲ್

ಹೋಟೆಲ್ ಮಾರಿದವನು ಆರು ತಿಂಗಳಲ್ಲಿ ಹಳೆಯ ಅಡುಗೆಯವರನ್ನು ಕರೆದುಕೊಂಡು ಅದೇ ರಸ್ತೆಯಲ್ಲಿ ಹೊಸ ಫಲಕ ಹಾಕಿದರೆ ಕೊಂಡವನಿಗೆ ಉಳಿಯುವುದು ಪಾತ್ರೆಗಳು ಮಾತ್ರ. ವ್ಯಾಪಾರಕ್ಕೆ ತಡೆಯೊಡ್ಡುವ ಕರಾರುಗಳು ಸಾಮಾನ್ಯವಾಗಿ ಅನೂರ್ಜಿತವಾದರೂ, ಭಾರತೀಯ ಕರಾರು ಕಾಯ್ದೆ 1872ರ ಕಲಂ 27 ಗುಡ್‌ವಿಲ್ ಮಾರಾಟಕ್ಕೆ ಸ್ಪಷ್ಟ ಅಪವಾದ ನೀಡಿದೆ. ಕೊಂಡವನು ಆ ವ್ಯಾಪಾರ ನಡೆಸುತ್ತಿರುವವರೆಗೆ, ನಿರ್ದಿಷ್ಟ ಸ್ಥಳೀಯ ಮಿತಿಯೊಳಗೆ, ಅಂತಹುದೇ ವ್ಯಾಪಾರ ಮಾಡುವುದಿಲ್ಲವೆಂದು ಮಾರಿದವನು ಒಪ್ಪಬಹುದು. ಆ ಮಿತಿ ನ್ಯಾಯಸಮ್ಮತವಾಗಿರಬೇಕು. ಆದ್ದರಿಂದ ಗುಡ್‌ವಿಲ್‌ನ ಬೆಲೆಯನ್ನು ಕರಾರಿನಲ್ಲಿ ಪ್ರತ್ಯೇಕವಾಗಿ ನಮೂದಿಸಿ, ಊರಿನ ಹೆಸರು ಹಾಗೂ ದೂರವನ್ನು ಬರೆಸಿ, ಫಲಕದ ಹೆಸರಿನ ಹಕ್ಕನ್ನೂ ಬರೆಸಿಕೊಳ್ಳಬೇಕು. ಅಡುಗೆಯವರನ್ನು ಕಾಗದ ಹಿಡಿದಿಡಲಾರದು. ಅವರೊಡನೆ ಖರೀದಿಗೆ ಮೊದಲೇ ಮಾತನಾಡಿ ಸಂಬಳ ನಿಗದಿಪಡಿಸುವುದೊಂದೇ ದಾರಿ.

ಹಣ ಕೊಡುವ ಕ್ರಮ

ಬಾಕಿಗಳು ತಡವಾಗಿ ಹೊರಬೀಳುವುದರಿಂದ ಪೂರ್ತಿ ಹಣವನ್ನು ಒಂದೇ ಸಲಕ್ಕೆ ಕೊಡಬಾರದು. ಸಣ್ಣ ಮುಂಗಡ ಕೊಟ್ಟು ಪರಿಶೀಲನೆಗೆ ಒಂದು ತಿಂಗಳು ಪಡೆಯುವುದು. ಆ ಅವಧಿಯಲ್ಲಿ ಗಲ್ಲೆಯ ಪಕ್ಕದಲ್ಲಿ ಕುಳಿತು ವ್ಯಾಪಾರ ನೋಡುವುದು. ಗುತ್ತಿಗೆ ಪತ್ರ ಮತ್ತು ಪರವಾನಗಿಗಳು ಹೊಸ ಹೆಸರಿಗೆ ಬಂದಾಗ ದೊಡ್ಡ ಕಂತು ಕೊಡುವುದು. ಉಳಿದ ಒಂದು ಭಾಗವನ್ನು ತೆರಿಗೆ ಹಾಗೂ ಇತರ ಬಾಕಿಗಳ ಭದ್ರತೆಗಾಗಿ ತಡೆಹಿಡಿಯುವುದು ಸೂಕ್ತ. ವರ್ಗಾವಣೆಯ ದಿನದವರೆಗಿನ ಎಲ್ಲ ಬಾಕಿ ತನ್ನದೆಂದು ಮಾರುವವನು ಬರೆದುಕೊಡಬೇಕು. ಆ ಬರಹ ಇಲಾಖೆಯನ್ನು ತಡೆಯದು; ಆದರೆ ಕಟ್ಟಿದ ಹಣವನ್ನು ಅವನಿಂದ ವಸೂಲು ಮಾಡಲು ಆಧಾರವಾಗುತ್ತದೆ. ಕರಾರಿನ ಕರಡನ್ನು ವಕೀಲರಿಗೂ ತೆರಿಗೆ ಸಲಹೆಗಾರರಿಗೂ ತೋರಿಸುವ ಖರ್ಚು ಒಂದು ನೋಟಿಸಿನ ಮುಂದೆ ಅಲ್ಪವೇ ಸರಿ.

ಲೆಕ್ಕ ಕೊಡಲು, ಗುತ್ತಿಗೆ ಪತ್ರ ತೋರಿಸಲು, ಕೊನೆಯ ಕಂತಿಗೆ ಕಾಯಲು ಒಪ್ಪುವ ಮಾಲೀಕನ ಹೋಟೆಲಿಗೆ ಸ್ವಲ್ಪ ಹೆಚ್ಚಿನ ಬೆಲೆ ಕೊಟ್ಟರೂ ನಷ್ಟವಿಲ್ಲ. ಇವುಗಳಿಗೆ ಒಪ್ಪದವನ ಹೋಟೆಲ್ ಎಷ್ಟು ಅಗ್ಗಕ್ಕೆ ಸಿಕ್ಕರೂ ತುಟ್ಟಿಯೇ.