ದಿನಸಿ ದುಡ್ಡು ಎಲ್ಲಿ ಸೋರುತ್ತೆ?

ಅಕ್ಕಿ, ಬೇಳೆ, ಎಣ್ಣೆ ಪ್ರತಿ ತಿಂಗಳೂ ಹೆಚ್ಚುಕಮ್ಮಿ ಅಷ್ಟೇ ಬೇಕು. ದುಡ್ಡು ಸೋರೋದು ತಿಂಗಳ ನಡುವೆ. ಕೊತ್ತಂಬರಿ ಸೊಪ್ಪಿಗೆ ಅಂತ ಆ್ಯಪ್ ತೆರೀತೀವಿ, ಡೆಲಿವರಿ ಫ್ರೀ ಆಗಲಿ ಅಂತ ಬಿಸ್ಕತ್ತು, ಚಿಪ್ಸ್ ಸೇರಿಸ್ತೀವಿ. ದಿನಕ್ಕೆ 100 ರೂಪಾಯಿ ಹೀಗೆ ಹೋದರೆ ತಿಂಗಳಿಗೆ 3,000.

ಹಾಗಾಗಿ ಮೊದಲು ಫೋನಿನಲ್ಲಿ ಯುಪಿಐ ಹಿಸ್ಟರಿ ತೆಗೀರಿ. ಕಳೆದ ತಿಂಗಳು ನಿಜವಾಗಿ ಎಷ್ಟು ಹೋಯ್ತು, ಕೂಡಿ. ಅದರಿಂದ ಸ್ವಲ್ಪವೇ ಇಳಿಸಿ. ಒಂದೇ ಸಲಕ್ಕೆ ಅರ್ಧ ಮಾಡಿದ ಬಜೆಟ್ ಎರಡನೇ ವಾರಕ್ಕೇ ಮುರಿಯುತ್ತೆ. ಹಾಲು, ತರಕಾರಿ ದುಡ್ಡು ಬೇರೆಯೇ ಎತ್ತಿಡಿ.

ಈಗ ಅಂಗಡಿ. ಎಣ್ಣೆ ಪ್ಯಾಕೆಟ್ ಎತ್ತಿಕೊಳ್ಳಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ಪಕ್ಕದ ಪ್ಯಾಕೆಟ್ ನೋಡೋಕೆ ಅಷ್ಟೇ ದೊಡ್ಡದು, ಒಳಗೆ ಕಮ್ಮಿ ಇರಬಹುದು. ಎಂಆರ್‌ಪಿ ಹತ್ತಿರ ಗ್ರಾಂಗೋ ಮಿಲಿಗೋ ಎಷ್ಟು ಅಂತ ಸಣ್ಣಕ್ಷರದಲ್ಲಿ ಇರುತ್ತೆ; ಹೋಲಿಸಬೇಕಾದ್ದು ಅದನ್ನೇ. ಆದರೆ ಒಂದು ಎಚ್ಚರ: ಆ ದರ ಎಂಆರ್‌ಪಿ ಲೆಕ್ಕದ್ದು. ರಿಯಾಯಿತಿ ಇದ್ದರೆ, ನೀವು ಕೊಡೋ ಬೆಲೆಯನ್ನ ತೂಕದಿಂದ ಭಾಗಿಸಿ ನೋಡಿ. 'ಒಂದಕ್ಕೊಂದು ಫ್ರೀ' ಆಫರ್‌ಗೂ ಇದೇ ಲೆಕ್ಕ.

ಕೆಲವು ಸಲ ತರಕಾರಿ ಬೆಲೆಯೇ ಏರಿಬಿಡುತ್ತೆ: 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿತ್ತು. ಅಂಥ ವಾರ ಹುಣಸೆಹಣ್ಣಿನ ಸಾರು, ಮಜ್ಜಿಗೆಹುಳಿ ಮಾಡಿ. ರುಚಿಗೇನೂ ಕೊರತೆ ಇಲ್ಲ.

ಈ ತಿಂಗಳ ಚೀಟಿ ಬರೆಯೋ ಮುಂಚೆ ಅಡುಗೆಮನೆ ಡಬ್ಬಗಳನ್ನೆಲ್ಲ ಒಮ್ಮೆ ತೆರೆದು ನೋಡಿ. ಇರೋದನ್ನ ಬಿಟ್ಟು ಚೀಟಿ ಬರೆದು, ಆಮೇಲೆ ಅಂಗಡಿಗೆ ಹೊರಡಿ.